ಕಾಶೀಹಲ್ವದ ಶುಕ್ರವಾರ

3 ಫೆಬ್ರವರಿ 1992, ಸೋಮವಾರ. ಬೆಳಿಗ್ಗೆ 10

ಇವರು 7.52ರ ಲೋಕಲ್‌ಗೆ ಓಡಿದರು. ಕರ್ಚೀಫ್ ಮರೆತು ಮತ್ತೆ ಮೂರು ಮಹಡಿ ಹತ್ತಿ ಬಂದರು, ಮತ್ತೆ ಓಡಿದರು. ಒಗೆದದ್ದು ಹರವಿ ಆಯಿತು. ಅತ್ತೆ ಪೂಜೆಗೆ ಕೂತರು. ಇನ್ನು ಅರ್ಧ ಗಂಟೆ ನನ್ನದು.

ನಿನ್ನೆ ಭಾನುವಾರ ಮತ್ತೆ ಅದೇ ಕಥೆ. ಇವರ ಆಫೀಸಿನ ಗೆಳೆಯರೊಬ್ಬರು, ದೂಜ ಅಂತ, ಬಂದಿದ್ದರು. ಕಾಫಿ ಕೊಟ್ಟು ಒಳಗೆ ಬಂದೆನೋ ಇಲ್ಲವೋ, ಶುರು. "ಹತ್ತು ಹುಡುಗಿಯರನ್ನ ನೋಡಿದ್ದೆ ಕಣ್ರೀ. ಬೆಂಗಳೂರಲ್ಲಿ ಇವಳ ಮನೆಗೆ ಹೋದಾಗ ಕಾಶೀಹಲ್ವ ಕೊಟ್ಟಳು. ಬಾಯಿಗೆ ಹಾಕ್ಕೊಂಡೆ, ಮುಗೀತು!" ದೂಜ ನಕ್ಕರು. ಅತ್ತೆ ನಕ್ಕರು. ಅಡುಗೆಮನೆ ಬಾಗಿಲಲ್ಲಿ ನಿಂತು ನಾನೂ ನಗಬೇಕಾಯಿತು.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ. ಬರೆದುಬಿಡುತ್ತೇನೆ. ಆ ಹಲ್ವ ನಾನು ಮಾಡಿದ್ದಲ್ಲ. ಸೋದರತ್ತೆ ಶಾಮಲತ್ತೆ ಮಾಡಿದ್ದು. ಬೂದುಗುಂಬಳಕಾಯಿ ತುರಿದದ್ದೂ ಅವಳೇ, ಕೈ ನೋಯುವಷ್ಟು ಕೆದಕಿದ್ದೂ ಅವಳೇ. ನಾನು ತಟ್ಟೆ ಹೊತ್ತು ತಂದೆ, ಅಷ್ಟೇ. ಅಮ್ಮ ಮಾತ್ರ "ಎಲ್ಲಾ ನಮ್ಮ ವಿಮಲಾನೇ ಮಾಡಿದ್ದು" ಅಂದುಬಿಟ್ಟಳು. ಹೆಣ್ಣು ನೋಡಲು ಬಂದವರಿಗೆ ಎಲ್ಲರ ಮನೆಯಲ್ಲೂ ಹಾಗೇ ಹೇಳುತ್ತಾರೆ. ಯಾರೂ ನಂಬುವುದಿಲ್ಲ ಅಂದುಕೊಂಡಿದ್ದೆ. ಈ ಮಹಾನುಭಾವರು ನಂಬಿದರು!

ಅತ್ತೆಗೆ ಸಕ್ಕರೆ ಕಾಯಿಲೆ. ಈ ಮನೆಯಲ್ಲಿ ಸಿಹಿ ಮಾಡುವುದಿಲ್ಲ. ಮದುವೆಯಾದ ಎಂಟು ತಿಂಗಳಿಂದ ನನ್ನನ್ನು ಕಾಪಾಡಿದ್ದು ಅದೊಂದೇ.

5 ಫೆಬ್ರವರಿ, ಬುಧವಾರ

ಇನ್ನು ಅದೂ ಕಾಪಾಡುವುದಿಲ್ಲ.

ಬೆಳಿಗ್ಗೆ ಡಬ್ಬಿ ತೆಗೆದುಕೊಳ್ಳಲು ಅಡುಗೆಮನೆಗೆ ಬಂದವರು ಹೋಗಲೇ ಇಲ್ಲ. ಕಿಟಕಿ ನೋಡುತ್ತ ನಿಂತರು. ಆಮೇಲೆ ಪಿಸುಗುಟ್ಟಿದರು. ನಮ್ಮ ರೂಮಿಗೆ ಬಾಗಿಲಿಲ್ಲ, ಪರದೆ. ಹಾಲ್‌ನಲ್ಲಿ ಅತ್ತೆ. ಪಿಸುಗುಟ್ಟಿಯೇ ಇಬ್ಬರಿಗೂ ಅಭ್ಯಾಸ.

"ಹದಿನಾಲ್ಕಕ್ಕೆ ಅಮ್ಮ ಪಾರ್ಲೆಗೆ ಹೋಗ್ತಾಳೆ. ಅಕ್ಕನ ಮನೇಲಿ ಎರಡು ದಿನ ಇರ್ತಾಳೆ."

"ಹ್ಞೂಂ."

"ಅವತ್ತು ಅದೇನೋ ವ್ಯಾಲೆಂಟೈನ್ ಡೇ ಅಂತೆ. ದೂಜ ಹೆಂಡತೀನ ಹೋಟೆಲಿಗೆ ಕರ್ಕೊಂಡು ಹೋಗ್ತಾರಂತೆ. ನನಗೆ ಹೋಟೆಲು ಗೀಟೆಲು ಆಗಲ್ಲ. ಬೇಗ ಬರ್ತೀನಿ. ಮನೇಲೇ ಇರೋಣ, ಇಬ್ಬರೇ."

ಪೇಪರಿನಲ್ಲಿ ಹೃದಯದ ಚಿತ್ರದ ಜಾಹೀರಾತು ನೋಡಿದ್ದೆ. ಕಾಲೇಜಿನವರಿಗೆ ಅಂದುಕೊಂಡಿದ್ದೆ. ನಮ್ಮ ಪಂಪ್ ಕಂಪನಿ ಡ್ರಾಫ್ಟ್ಸ್‌ಮನ್ ಸತ್ಯಮೂರ್ತಿಯವರ ಬಾಯಲ್ಲಿ ಈ ಮಾತು! ಕಿವಿ ಬಿಸಿಯಾಯಿತು. ಖುಷಿ. ಎಂಟು ತಿಂಗಳಲ್ಲಿ ಇಂಥ ಖುಷಿ ಆಗಿಲ್ಲ.

ಅದು ಅರ್ಧ ನಿಮಿಷ ಇತ್ತು. ಚಪ್ಪಲಿ ಹಾಕಿಕೊಳ್ಳುತ್ತ ಇವರು ಹೇಳಿದರು: "ಆ ಹಲ್ವ ಮಾಡ್ತೀಯಾ?"

6 ಫೆಬ್ರವರಿ

STD ಬೂತ್‌ಗೆ ಹೋಗಿ ಬಂದೆ. ಶಾಮಲತ್ತೆ ಊರಲ್ಲಿಲ್ಲ. ತಿರುಪತಿ, ಅಲ್ಲಿಂದ ಮಧುರೆ, ರಾಮೇಶ್ವರ… ಬರುವುದು ತಿಂಗಳ ಕೊನೆಗೆ. ಅಮ್ಮನಿಗೆ ಆ ಹಲ್ವ ಬರುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

"ನಿಜ ಹೇಳಿಬಿಡ್ಲಾ ಅಮ್ಮ?"

"ನಿನಗೇನು ತಲೆ ಕೆಟ್ಟಿದೆಯಾ? ಮಾಟುಂಗಾದಲ್ಲಿ ನಮ್ಮ ಕಡೆ ತಿಂಡಿ ಎಲ್ಲಾ ಸಿಗುತ್ತಂತೆ. ತಂದು ನಿನ್ನ ಪಾತ್ರೆಗೆ ಹಾಕು. ಬಿಸಿ ಮಾಡು. ಗಂಡಸರಿಗೆ ಏನು ಗೊತ್ತಾಗುತ್ತೆ!"

ಮೀಟರ್ ಓಡುತ್ತಿತ್ತು, ಇಟ್ಟುಬಿಟ್ಟೆ.

ನನ್ನ ಚಿಂತೆ ಹಲ್ವದ್ದಲ್ಲ. ಹತ್ತು ಹುಡುಗಿಯರನ್ನು ಬೇಡ ಅಂದವರು, ಹನ್ನೊಂದನೆಯವಳನ್ನು ಹಲ್ವಕ್ಕೋಸ್ಕರ ಒಪ್ಪಿದವರು. ಹಲ್ವ ತೆಗೆದರೆ ನಾನು ಎಷ್ಟು ಉಳಿಯುತ್ತೇನೆ? ಇದನ್ನು ಯಾರನ್ನು ಕೇಳುವುದು?

8 ಫೆಬ್ರವರಿ, ಶನಿವಾರ. ಮಧ್ಯಾಹ್ನ

ಬೂದುಗುಂಬಳಕ್ಕೆ ಇಲ್ಲಿ ಕೊಹಳಾ ಅನ್ನುತ್ತಾರೆ. ಸ್ಟೇಶನ್ ಪಕ್ಕದ ಮಾರ್ಕೆಟ್‌ನಲ್ಲಿ ಸಿಕ್ಕಿತು. ಮನೆಗೆ ತರುವ ಹಾಗಿಲ್ಲ. ಅತ್ತೆ ಕೇಳುತ್ತಾರೆ. ಸೀದಾ ಕೆಳಗಿನ ಮನೆ ಕಸ್ತೂರಿಬಾಯಿ ಹತ್ತಿರ ಹೋದೆ. ಗುಲಬರ್ಗಾ ಕಡೆಯವರು. ಗಂಡ ಪಕ್ಕದ ಹೊಸ ಬಿಲ್ಡಿಂಗ್ ಕೆಲಸಕ್ಕೆ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ. ಜೋಳದ ರೊಟ್ಟಿ ಕಲಿಯುತ್ತೇನೆ ಅಂತ ಅತ್ತೆಗೆ ಹೇಳಿ ಇಳಿದಿದ್ದೆ.

ಕಾಯಿ ನೋಡಿ ಕಸ್ತೂರಿಬಾಯಿ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯ, ಇದನ್ನ ದೃಷ್ಟಿ ಆಗಬಾರದಂತ ಬಾಗಲಿಗೆ ಕಟ್ಟತಾರ್ರೀ! ನೀವು ತಿಂತೀರೇನು?"

"ತಿಂತೀವಿ. ನಮ್ಮವರು ಇದನ್ನ ತಿಂದೇ ನನ್ನ ಮದುವೆಯಾಗಿದ್ದು."

ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸ್ಟೋವ್ ಹಚ್ಚಿಕೊಟ್ಟರು. ತುರಿದೆ, ಬೇಯಿಸಿದೆ, ಸಕ್ಕರೆ ಹಾಕಿದೆ. ಗಟ್ಟಿಯಾಗಲೇ ಇಲ್ಲ. ಒಂದು ಗಂಟೆ ಕೆದಕಿದರೂ ಪಾಯಸ.

"ತುರಿದ ಮ್ಯಾಲ ನೀರು ಹಿಂಡಬೇಕಿತ್ತೇನೋ ನೋಡ್ರಿ" ಅಂದರು ಕಸ್ತೂರಿಬಾಯಿ. ಜನ್ಮದಲ್ಲಿ ಇದನ್ನು ಮಾಡದವರಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಮೇಲೆ ಬಂದಾಗ ಅತ್ತೆ: "ರೊಟ್ಟಿ ಕಲಿಯೋಕೆ ಎರಡು ಗಂಟೆ ಬೇಕೇನೇ?"

11 ಫೆಬ್ರವರಿ, ಮಂಗಳವಾರ

ಎರಡನೆಯ ಸಲ. ಚೆನ್ನಾಗಿ ಹಿಂಡಿದೆ. ಹಿಂಡಿದ್ದು ಜಾಸ್ತಿಯಾಯಿತು, ಸಕ್ಕರೆ ಪಾಕವೂ ಏರಿತು. ತಣ್ಣಗಾದ ಮೇಲೆ ಚಮಚ ನಿಂತೇ ಇತ್ತು, ಕೀಳಲಾಗಲಿಲ್ಲ. ಕಸ್ತೂರಿಬಾಯಿ ಅದರ ಪಾತ್ರೆ ನೆನೆಹಾಕಿದ್ದಾರೆ.

"ಬಿಡ್ರಿ ಬಾಯಿ, ಇದ್ದದ್ದು ಇದ್ದಂಗ ಹೇಳಿಬಿಡ್ರಿ. ಹೊಡಿತಾರೇನು?"

ಹೊಡೆಯುವುದಿಲ್ಲ. ಗಟ್ಟಿಯಾಗಿ ಮಾತೂ ಆಡುವುದಿಲ್ಲ. ಅದೇ ಭಯ. ಇವರು ಸುಮ್ಮನಾಗಿಬಿಟ್ಟರೆ ಈ ಎರಡು ಕೋಣೆಯಲ್ಲಿ ನಾನು ಯಾರ ಜೊತೆ ಇರಲಿ?

13 ಫೆಬ್ರವರಿ, ಗುರುವಾರ

ಮಾಟುಂಗಾಗೆ ಹೋಗಿ ಬಂದೆ. ನೆಪ — ಕಾಫಿಪುಡಿ. ಸ್ಲೋ ಲೋಕಲ್, ಲೇಡೀಸ್ ಡಬ್ಬದಲ್ಲಿ ನಿಂತೇ. ಕಾಲು ಕಿಲೋ ಕಾಶೀಹಲ್ವ. ಕೇಸರಿ ಬಣ್ಣ, ತುಪ್ಪ ಜಿನುಗುತ್ತಿದೆ, ಗೋಡಂಬಿ ಬೇರೆ. ಶಾಮಲತ್ತೆಯದಕ್ಕಿಂತ ಚೆನ್ನಾಗಿದೆ, ಹಾಳಾದ್ದು.

ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ. ಕದ್ದ ಮಾಲು.

14 ಫೆಬ್ರವರಿ, ಶುಕ್ರವಾರ. ಸಂಜೆ 4.30

ಅತ್ತೆ ಬೆಳಿಗ್ಗೆಯೇ ಪಾರ್ಲೆಗೆ ಹೋದರು. ಮನೆಯಲ್ಲಿ ಒಬ್ಬಳೇ. ಸದ್ದಿಲ್ಲದ ಈ ಮನೆ ಬೇರೆ ಯಾರದೋ ಅನ್ನಿಸುತ್ತದೆ.

ಬಿಸಿಬೇಳೆ ಬಾತ್ ಆಯಿತು. ಅದು ನನಗೆ ಬರುತ್ತದೆ, ಅದರಲ್ಲಿ ಮೋಸವಿಲ್ಲ. ಹಟಕ್ಕೆ ಬಿದ್ದು ಮೂರನೆಯ ಸಲ ಹಲ್ವ ಮಾಡಿದೆ. ನೀರೂ ಅಲ್ಲ, ಕಲ್ಲೂ ಅಲ್ಲ, ನಡುವೆ ಎಲ್ಲೋ ನಿಂತಿದೆ. ಬಣ್ಣ ಕೆಸರು. ಬಾಣಲೆ ಮುಚ್ಚಿ ಮೂಲೆಗೆ ತಳ್ಳಿದೆ.

ಮಾಟುಂಗಾದ್ದನ್ನು ಬೆಳ್ಳಿ ಬಟ್ಟಲಿಗೆ ಹಾಕಿದ್ದೇನೆ. ಅಮ್ಮ ಹೇಳಿದ ಹಾಗೇ. ನೀಲಿ ಮೈಸೂರು ಸಿಲ್ಕ್ ಉಟ್ಟಿದ್ದೇನೆ. ಮಲ್ಲಿಗೆ ಸಿಗಲಿಲ್ಲ, ಸೇವಂತಿಗೆ ಮುಡಿದಿದ್ದೇನೆ.

ಒಂದು ಸಂಜೆ ಸುಖವಾಗಿ ಕಳೆದರೆ ಸಾಕು. ಅಷ್ಟಕ್ಕೊಂದು ಸುಳ್ಳು ದೊಡ್ಡದೇನಲ್ಲ. ಅಲ್ಲವೇ?

15 ಫೆಬ್ರವರಿ, ಶನಿವಾರ. ಬೆಳಿಗ್ಗೆ 11

ಮರೆಯುವ ಮುಂಚೆ ಬರೆಯಬೇಕು. ಮರೆಯುವುದಿಲ್ಲ, ಆದರೂ.

ಆರೂವರೆಗೇ ಬಂದರು. ಹೊಸ ಷರ್ಟು. ಆಫೀಸಿನಲ್ಲೇ ಬದಲಾಯಿಸಿಕೊಂಡಿರಬೇಕು. ಕೈಯಲ್ಲಿ ಕವರು. ಕಾರ್ಡು — ಕೆಂಪು ಹೃದಯ, ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಅಚ್ಚಾಗಿತ್ತು. ಕೆಳಗೆ ಇವರ ಸಹಿ. ಸಹಿಯ ಕೆಳಗೆ ತಾರೀಖು. ಆಫೀಸಿನ ಡ್ರಾಯಿಂಗ್ ಪಾಸು ಮಾಡಿದ ಹಾಗೆ! ನಗು ಬಂತು, ಕಣ್ಣೂ ತುಂಬಿತು.

ಹಾಲ್‌ನಲ್ಲಿ ಚಾಪೆ ಹಾಸಿ ಎದುರುಬದುರು ಕೂತೆವು. ಪಿಸುಗುಟ್ಟಬೇಕಾಗಿರಲಿಲ್ಲ. ಮೊದಲು ಹತ್ತು ನಿಮಿಷ ಅದಕ್ಕೇ ಮಾತು ಹೊರಡಲಿಲ್ಲ. ಆಮೇಲೆ ಹೊರಟಿತು. ಆಫೀಸು, ಲೋಕಲ್‌ನಲ್ಲಿ ಭಜನೆ ಮಾಡುವವರು, ಇವರ ಬಾಸಿನ ವಿಗ್ಗು. ಇವರು ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಬಾತ್ ಎರಡು ಸಲ ಹಾಕಿಸಿಕೊಂಡರು.

ಹಲ್ವ ಕೊಟ್ಟೆ. ಒಂದು ಚಮಚ ತಿಂದರು. ನನ್ನ ಮುಖ ನೋಡಿದರು.

"ಅದೇ ರುಚಿ" ಅಂದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆಗಲಿಲ್ಲ. ಅಷ್ಟು ಚೆನ್ನಾಗಿ ಮಾತಾಡಿದವರ ಎದುರಿಗೆ ಆಗಲಿಲ್ಲ.

"ರೀ, ಇದು ನಾನು ಮಾಡಿದ್ದಲ್ಲ. ಮಾಟುಂಗಾದಿಂದ ತಂದಿದ್ದು."

"ಹೋಗಲಿ ಬಿಡು. ಟೈಮ್ ಸಿಕ್ಕಿರಲ್ಲ…"

"ಅವತ್ತಿನದೂ ನಾನು ಮಾಡಿದ್ದಲ್ಲ. ಶಾಮಲತ್ತೆ ಮಾಡಿದ್ದು. ನನಗೆ ಬರೋದೇ ಇಲ್ಲ. ಮೂರು ಸಲ ಮಾಡಿ ನೋಡಿದೆ, ಬರಲಿಲ್ಲ."

ಚಮಚ ಕೆಳಗಿಟ್ಟರು. ಎದ್ದರು. ಕೈ ತೊಳೆದರು. ಚಪ್ಪಲಿ ಹಾಕಿಕೊಂಡು ಇಳಿದು ಹೋದರು.

ತಟ್ಟೆ ಎತ್ತಲಿಲ್ಲ. ಅಲ್ಲೇ ಕೂತಿದ್ದೆ. ಅಮ್ಮನ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು. ಬೆಂಗಳೂರಿನ ಗಾಡಿ ಎಷ್ಟು ಹೊತ್ತಿಗೆ ಅಂತ ಕೂಡ ಯೋಚಿಸಿದೆ. ಇಪ್ಪತ್ತು ನಿಮಿಷ ಆಗಿರಬಹುದು.

ಬಂದರು. ಬೆವರಿದ್ದರು. ಬಾಗಿಲಲ್ಲೇ ನಿಂತು ಶುರು ಮಾಡಿದರು, ಕೂತರೆ ಧೈರ್ಯ ಹೋಗುತ್ತದೆ ಅನ್ನುವಂತೆ.

"ರೇಶನ್ ಅಂಗಡಿವರೆಗೆ ಹೋಗಿ ಬಂದೆ. ಹೆಂಗೆ ಹೇಳೋದು ಗೊತ್ತಾಗಲಿಲ್ಲ. ಆ ಹಲ್ವ ಹೆಂಗಿತ್ತು ಅಂತ ನನಗೆ ನೆನಪೇ ಇಲ್ಲ ವಿಮಲಾ."

"ಅಂದ್ರೆ?"

"ಅವತ್ತು ನಮ್ಮ ಸೋದರಮಾವ 'ಹಾಡು ಬರುತ್ತೇನಮ್ಮಾ' ಅಂತ ಕೇಳಿದರು. ನೀನು 'ಬರಲ್ಲ, ಪಾಠ ಹೇಳೋಕೆ ಬಂದವರು ಎರಡೇ ತಿಂಗಳಿಗೆ ಬಿಟ್ಟು ಹೋದರು' ಅಂದೆ. ನಿಮ್ಮಮ್ಮ ನಿನ್ನ ತೋಳು ಚಿವುಟಿದರು. ನನಗೆ ನಗು ತಡೆಯೋಕಾಗಲಿಲ್ಲ. ಹಿರಿಯರ ಎದುರಿಗೆ ನಗೋ ಹಾಗಿಲ್ಲವಲ್ಲ. ಒಂದು ಹಿಡಿ ಹಲ್ವ ಬಾಯಿಗೆ ತುರುಕ್ಕೊಂಡೆ."

ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಒಳಗೆ ಬಂದರು.

"ಆಟೋದಲ್ಲಿ ಮಾವ ಕೇಳಿದರು, ಮೈಸೂರು ಹುಡುಗಿ ಜಾತಕ ಇನ್ನೂ ಚೆನ್ನಾಗಿತ್ತು, ಇವಳೇ ಯಾಕೆ ಅಂತ. ಪಕ್ಕದಲ್ಲಿ ಅಮ್ಮ. ಹುಡುಗಿ ಮನಸ್ಸಿಗೆ ಬಂದಳು ಅಂತ ಅವರಿಬ್ಬರ ಎದುರಿಗೆ ಹೆಂಗೆ ಹೇಳೋದು? ಹಲ್ವ ಚೆನ್ನಾಗಿತ್ತು ಅಂದೆ. ಇಬ್ಬರೂ ನಕ್ಕರು, ಒಪ್ಪಿಕೊಂಡರು. ಅವತ್ತಿಂದ ಅದನ್ನೇ ಹೇಳ್ತಾ ಇದೀನಿ."

ಅತ್ತುಬಿಟ್ಟೆ. ಜೋರಾಗಿ, ಪರದೆ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಇವರಿಗೆ ಗಾಬರಿ. ನೀರು ತಂದುಕೊಟ್ಟರು. ಸೆರಗಿನ ಮೇಲೆ ಅರ್ಧ ಚೆಲ್ಲಿದರು.

"ನೀನು ಮಾಡಿದ್ದು ಎಲ್ಲಿದೆ?" ಅಂತ ಕೇಳಿದರು ಆಮೇಲೆ.

ಬೇಡ ಅಂದರೂ ಕೇಳಲಿಲ್ಲ. ಬಾಣಲೆಯನ್ನೇ ತಂದು ನಡುವೆ ಇಟ್ಟುಕೊಂಡರು. ಚಮಚ ಹಾಕಿ ತಿಂದರು. ಯೋಚಿಸಿದರು. ಇನ್ನೊಂದು ಸಲ ತಿಂದರು.

"ಚೆನ್ನಾಗಿಲ್ಲ ಕಣೇ" ಅಂದರು. "ಹಸಿ ವಾಸನೆ. ಸಕ್ಕರೆ ಜಾಸ್ತಿ."

ಅಷ್ಟು ಹಗುರ ನನಗೆ ಯಾವತ್ತೂ ಆಗಿರಲಿಲ್ಲ. ನಗುತ್ತ ನಗುತ್ತ ನಾನೂ ತಿಂದೆ. ನಿಜಕ್ಕೂ ಚೆನ್ನಾಗಿರಲಿಲ್ಲ. ಮಾಟುಂಗಾದ್ದನ್ನು ಬೆಳಿಗ್ಗೆ ಕಸ್ತೂರಿಬಾಯಿಗೆ ಕೊಟ್ಟುಬಂದೆ.

"ಅಮ್ಮನಿಗೆ, ಮಾವನಿಗೆ ಯಾವಾಗ ಹೇಳ್ತೀರಿ?" ಅಂತ ರಾತ್ರಿಯೇ ಕೇಳಿದ್ದೆ. ಇವರ ಮುಖ ಸಣ್ಣಗಾಯಿತು. "ನೋಡೋಣ" ಅಂದರು. ಇವರ ಭಾಷೆಯಲ್ಲಿ ನೋಡೋಣ ಅಂದರೆ ಇಲ್ಲ ಅಂತ. ಇರಲಿ. ನನಗೆ ಹೇಳಿದರಲ್ಲ, ಅದೇ ಸಾಕು.

ಸಾಕು ಅಂತ ಬರೆದೆ. ಪೂರ್ತಿ ನಿಜವಲ್ಲ. ಅವರೆದುರಿಗೂ ಇವರು ಒಂದು ಸಲ ಹೇಳಬೇಕು ಅನ್ನಿಸುತ್ತದೆ. ಆಸೆಗೆ ಏನು ಹೇಳೋಣ.

23 ಫೆಬ್ರವರಿ, ಭಾನುವಾರ. ಮಧ್ಯಾಹ್ನ 4

ಎಂಟು ದಿನ ಬರೆಯಲಿಲ್ಲ. ಈ ಪುಸ್ತಕಕ್ಕೆ ಹೇಳುವುದನ್ನೆಲ್ಲ ಇವರಿಗೇ ಹೇಳುತ್ತಿದ್ದೇನೆ. ಪಿಸುಗುಟ್ಟಿಯೇ, ಆದರೂ.

ಇವತ್ತು ವೆಂಕಟಸುಬ್ಬಯ್ಯ ಮಾವ ಬಂದಿದ್ದಾರೆ. ಹೆಣ್ಣು ನೋಡಲು ಬಂದಿದ್ದ ಅದೇ ಸೋದರಮಾವ. ಪಾರ್ಲೆಯಲ್ಲಿ ಯಾರದೋ ಮದುವೆ ಮುಗಿಸಿ ಸೀದಾ ಇಲ್ಲಿಗೆ. ಹಾಲ್‌ನಲ್ಲಿ ಅವರು, ಅತ್ತೆ, ಇವರು. ನಾನು ಅಡುಗೆಮನೆ ಕಟ್ಟೆಯ ಮೇಲೆ ಡೈರಿ ಇಟ್ಟುಕೊಂಡು ಡಿಕಾಕ್ಷನ್ ಇಳಿಯಲು ಕಾಯುತ್ತಿದ್ದೇನೆ.

ಮಾವನ ದನಿ ಇಲ್ಲಿಗೂ ಕೇಳುತ್ತದೆ. "ಏನೋ ಸತ್ಯ, ಎಲ್ಲೋ ನಿನ್ನ ಕಾಶೀಹಲ್ವದ ಹುಡುಗಿ? ಹಲ್ವ ಮಾಡಿಲ್ವೇನೋ ನನಗೆ?"

ಅತ್ತೆ ನಕ್ಕರು. ಈಗ ಇವರು ಕಥೆ ಶುರು ಮಾಡಬೇಕು. ಹತ್ತು ಹುಡುಗಿಯರು, ಹನ್ನೊಂದನೆಯವಳು…

ಮಾಡಲಿಲ್ಲ. ಕೆಮ್ಮಿದರು.

"ಹಲ್ವಕ್ಕಲ್ಲ ಮಾವ ನಾನು ಒಪ್ಪಿದ್ದು."

"ಮತ್ತೆ?"

ಅತ್ತೆಯ ನಗು ನಿಂತಿತು.

"ಮತ್ತೆ ಯಾತಕ್ಕೋ?"

ಇವರು ಕರೆಯುತ್ತಿದ್ದಾರೆ. ಜೋರಾಗಿ. ಎಲ್ಲರೆದುರಿಗೆ. "ವಿಮಲಾ, ಇಲ್ಲಿ ಬಾ. ನೀನೂ ಕೇಳಿಸ್ಕೋ."

ಡಿಕಾಕ್ಷನ್ ಇನ್ನೂ ಇಳಿದಿಲ್ಲ. ಇರಲಿ. ಕಾಫಿ ಆಮೇಲೆ, ಮೊದಲು ಇವರ ಮಾತು…