ಕೆಂಪಿ, ಕರಿಯ ಮತ್ತು ಎರಡಚ್ಚಿನ ಟ್ರೇಲರ್

ಮನೆ, ಅಡುಗೆಮನೆಯ ಮೇಜು
ಭಾನುವಾರ ಸಂಜೆ

ಪ್ರೀತಿಯ ಸಾರಥಿಗೆ,

ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಯಾರ ಒತ್ತಾಯವೂ ಇಲ್ಲದೆ, ಈ ಕೆಳಗೆ ಸಹಿ ಮಾಡಿದ ನಾನು ಒಪ್ಪಿಕೊಳ್ಳುವುದೇನೆಂದರೆ: ನೀನಿಲ್ಲದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಒಂದು ಕೊಲೆ ನಡೆದಿದೆ, ಕೊಂದವನು ನಾನೇ. ಸತ್ತದ್ದು ನಿನ್ನ ಅಮ್ಮನ ತೂಕದ ಯಂತ್ರ. ಬಚ್ಚಲುಮನೆಯ ಮೂಲೆಯಲ್ಲಿ ಕೂತು ಇಷ್ಟು ವರ್ಷವೂ ತೂಕದ ಮಾತನ್ನಷ್ಟೇ ಆಡಿದ, ಅತ್ತೆಯ ದಾಕ್ಷಿಣ್ಯಕ್ಕೂ ಒಂದು ಕಿಲೋ ಕಡಿಮೆ ಹೇಳದ ಆ ಸತ್ಯವಂತ ಜೀವ ಅಂಗಳದಲ್ಲಿ ‘ಕಟಕ್’ ಎಂದು ಒಂದೇ ಒಂದು ಶಬ್ದ ಮಾಡಿ ಕಣ್ಣುಮುಚ್ಚಿತು. ಪಾರ್ಥಿವ ಶರೀರ ಸದ್ಯ ಹಳೆಯ ಕಂಬಳಿಯ ಅಡಿಯಲ್ಲಿದೆ. ಕೊಲೆಯ ಉದ್ದೇಶವನ್ನು ಮುಂದೆ ವಿವರಿಸುತ್ತೇನೆ. ಕೇಳಿದ ಮೇಲೆ ನನ್ನನ್ನು ಗಲ್ಲಿಗೇರಿಸುವುದೋ ಸನ್ಮಾನಿಸುವುದೋ ನಿನಗೆ ಬಿಟ್ಟದ್ದು.

ಅದಿರಲಿ, ನೀನು ಹೇಗಿದ್ದೀಯೆ? ಎಡಭುಜದ ನೋವು ಇಳಿಯಿತೇ, ಇಲ್ಲ ತರಬೇತಿ ಶಿಬಿರದ ಗಟ್ಟಿ ಮಂಚ ಬಲಭುಜಕ್ಕೂ ಸಮಪಾಲು ಕೊಟ್ಟಿತೇ? ಬೆಳಗಾಗೆದ್ದು ಗುಡ್ಡ ಹತ್ತಿಸಿ, ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಿ, ಆಮೇಲೆ ತಿಂಡಿ ಕೊಡುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಿನ್ನ ಅಮ್ಮ ಎರಡು ಹೊತ್ತು ಕೊರಗಿದರು. ಸವಾರಿ ಕಲಿಸುವವರಿಗೆ ಇಷ್ಟು ಸವಾರಿ ಮಾಡಿಸಬೇಕೇ? ಆದರೆ ಪ್ರಮಾಣಪತ್ರ ಕೈಗೆ ಬಂದ ಮೇಲೆ ನಿನ್ನನ್ನು ಯಾರೂ ‘ಸುಮ್ನೆ ಗಾಡಿ ಓಡಿಸೋ ಮೇಡಂ’ ಅನ್ನುವ ಹಾಗಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಇಲ್ಲಿ ನಾನೂ ಅತ್ತೆಯೂ ಕ್ಷೇಮ. ಒಂದೇ ಸೂರಿನಡಿ ಒಬ್ಬ ತರ್ಕಶಾಸ್ತ್ರದ ಮೇಷ್ಟರೂ ಅವನ ಅತ್ತೆಯೂ ಎಷ್ಟು ಕ್ಷೇಮವಾಗಿರಬಹುದೋ ಅಷ್ಟು. ತರ್ಕ ನನ್ನದು, ತೀರ್ಪು ಅವರದು.

ಈಗ ಸುದ್ದಿ. ಮೊದಲು ಹಿಡಿದಿಟ್ಟ ಉಸಿರನ್ನು ಬಿಡು. ನಿನ್ನ ನಾಲ್ಕು ಚಕ್ರದ ಗುಡ್ಡಗಾಡು ಬೈಕುಗಳು, ಕೆಂಪಿ, ಕರಿಯ ಇಬ್ಬರೂ ಹೊಸ ಮೈದಾನದ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತಿದ್ದಾರೆ. ಒಂದು ಗೀರಿಲ್ಲ, ಒಂದು ಕನ್ನಡಿ ಓರೆಯಾಗಿಲ್ಲ. ಮುಂದಿನ ವಾರ ನೀನು ಬಸ್ಸಿಳಿದು ನೇರವಾಗಿ ಅಲ್ಲಿಗೆ ಹೋಗಿ ಅಲ್ಲಿನ ಮೊದಲ ಪಾಠ ಶುರುಮಾಡಬಹುದು. ಇದನ್ನು ಬರೆಯುತ್ತಿರುವಾಗ ನನ್ನ ಕೈಗೇ ಹಗುರವೆನಿಸುತ್ತಿದೆ. ಬಸ್ ನಿಲ್ದಾಣದಲ್ಲಿ ನೀನು ಮೆಲ್ಲಗೆ ಹೇಳಿದ್ದು ನನ್ನ ಕಿವಿಯಲ್ಲಿ ಇಷ್ಟು ದಿನವೂ ಕೂತಿತ್ತು: “ಇನ್ನೊಂದ್ಸಲ ಗಾಡಿ ಬಿದ್ರೆ ಎರಡನ್ನೂ ಮಾರ್ಬಿಡ್ತೀನಿ ಕಣ್ರೀ. ಪಾಠಾನೂ ಸಾಕು, ಪಾಡೂ ಸಾಕು.” ನಗುತ್ತಲೇ ಹೇಳಿದೆ, ಆದರೆ ಅದು ನಿನ್ನ ನಗುವಾಗಿರಲಿಲ್ಲ. ಹೋದ ಸಲ ಎರವಲು ಟ್ರೇಲರಿನಿಂದ ತಿರುವಿನಲ್ಲಿ ಕೆಂಪಿ ಜಾರಿ ಹುಲ್ಲಿಗೆ ಬಿದ್ದಾಗಿನಿಂದ ನೀನು ನಿನ್ನ ಗಂಟುಗಳನ್ನೇ ನಂಬುತ್ತಿರಲಿಲ್ಲ. ಶೂ ಲೇಸನ್ನು ಕೂಡ ಎರಡು ಸಲ ಕಟ್ಟಿಕೊಳ್ಳುತ್ತಿದ್ದೆ. ನಾನು ನೋಡಿಲ್ಲ ಅಂದುಕೊಂಡೆಯಾ?

ಟ್ರೇಲರ್ ಆರಿಸುವ ಭಾರವನ್ನು ನನ್ನ ಮೇಲೆ ಹಾಕಿ, “ಓಡ್ಸೋಕೆ ಮಾತ್ರ ಯಾರನ್ನಾದ್ರೂ ಕರೀರಿ” ಎಂದು ನೀನು ಸೇರಿಸಿದ್ದು ನನಗೆ ಕೊಂಚ ಚುಚ್ಚಿತು. ಎಳೆಯ ವಯಸ್ಸಿನಿಂದ ಮಾತು ಎಳೆಯುವುದರಲ್ಲಿ ಹೆಸರಾದವನು ಒಂದು ಟ್ರೇಲರ್ ಎಳೆಯಲಾರೆನೇ? ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಯ್ಕೆ. ಟ್ರೇಲರ್ ಅಂಗಡಿಗೆ ಅತ್ತೆಯೂ ಬಂದರು, ಕರೆದದ್ದಕ್ಕಲ್ಲ, ಬೇಡವೆಂದದ್ದಕ್ಕೆ. ನಿನ್ನ ಗಾಡಿಗಳ ಬಗ್ಗೆ ಅವರ ಅಭಿಪ್ರಾಯ ನಿನಗೆ ಗೊತ್ತೇ ಇದೆ. “ಓದಿರೋ ಹುಡುಗಿಗೆ ಈ ಗುಡುಗುಡು ಬಿಟ್ರೆ ಬೇರೆ ಕೆಲಸವೇ ಸಿಗ್ಲಿಲ್ವಾ” ಎನ್ನುವ ಮಾತನ್ನು ದಾರಿಯಲ್ಲಿ ಹೋಗುತ್ತ ಒಂದು ಸಲ, ಅಂಗಡಿಯ ಬಾಗಿಲಲ್ಲಿ ಇನ್ನೊಂದು ಸಲ ಹೇಳಿದರು. ಅಂಗಡಿಯವನ ನಾಲಗೆಗೆ ಬೆಣ್ಣೆ ಸವರಿದಂತಿತ್ತು. ಆದ್ದರಿಂದ ಅವನನ್ನು ಬೆಣ್ಣೆ ಎಂದೇ ಕರೆಯೋಣ. ಬೆಣ್ಣೆ ನಮ್ಮನ್ನು ಮೊದಲು ಕರೆದೊಯ್ದದ್ದು ಒಂದು ಮುಚ್ಚಿದ ಪೆಟ್ಟಿಗೆಯಂಥ ಟ್ರೇಲರಿನ ಬಳಿಗೆ. ಒಳಗೆ ದೀಪ, ಗೋಡೆಗೆ ಕಪಾಟು, ಬಾಗಿಲಿಗೆ ಎರಡೆರಡು ಬೀಗ. “ಆನೇನೂ ಹೊರುತ್ತೆ ಮೇಡಂ” ಎಂದ. ಅತ್ತೆ ಒಳಗೆ ಇಣುಕಿ, “ಆನೆ ನಮ್ಮನೇಲಿಲ್ಲಪ್ಪ, ಇರೋದಕ್ಕೆ ಏನಿದೆ ತೋರ್ಸು” ಅಂದರು. ನಾನೂ ನೋಡಿದೆ. ಆ ಪೆಟ್ಟಿಗೆ ಖಾಲಿಯಿರುವಾಗಲೇ ಅಷ್ಟು ಭಾರ, ಇಬ್ಬರನ್ನು ತುಂಬಿದರೆ ನಮ್ಮ ಮುದಿ ವ್ಯಾನು ಬೀದಿ ದಾಟುವುದರೊಳಗೆ ನಿವೃತ್ತಿ ಕೇಳುತ್ತದೆ. ಗಾಳಿ ಬೀಸಿದರೆ ಅದು ಹಾಯಿಯಂತೆ ತನ್ನ ದಾರಿ ಹಿಡಿಯುತ್ತದೆ.

ಎರಡನೆಯದು ಚಿಕ್ಕದು, ಚೊಕ್ಕದು, ನಾನು ಮನಸೋತೇಬಿಟ್ಟಿದ್ದೆ. ಟೇಪು ತೆಗೆದು ಅಳೆಯತೊಡಗಿದೆ. ಅಳೆಯುವುದಲ್ಲದೆ ಅಳಿಯನಿಗೆ ಬೇರೇನು ಕೆಲಸ? ಕರಿಯನೊಬ್ಬನೇ ಆದರೆ ಆರಾಮಾಗಿ ಮಲಗಬಹುದು. ಕೆಂಪಿಯೂ ಬಂದರೆ ಅವಳ ಹಿಂದಿನ ಚಕ್ರಗಳು ಹಲಗೆಯ ಅಂಚಿಗೇ ಬರುತ್ತವೆ. ಅಲ್ಲಿ, ಟೇಪು ಹಿಡಿದು ಬಗ್ಗಿದ್ದಾಗಲೇ, ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಎರವಲು ಟ್ರೇಲರ್ ಇದ್ದದ್ದೂ ಇಷ್ಟೇ ಉದ್ದ. ಆವತ್ತೂ ಕೆಂಪಿ ಹೀಗೇ ಹಿಂದಕ್ಕೆ ನೇತಾಡುತ್ತಿದ್ದಳು. ಸಾರಥೀ, ನಿನ್ನ ಗಂಟು ಬಿಚ್ಚಿಕೊಂಡದ್ದಲ್ಲ ಕಣೆ. ಭಾರವೆಲ್ಲ ಚಕ್ರದ ಹಿಂದೆ ಬಿದ್ದು ಟ್ರೇಲರ್ ಬಾಲ ಬೀಸಿತು, ಬೀಸಿದ ಬಾಲ ಗಾಡಿ ಬಿಗಿದಿದ್ದ ಪಟ್ಟಿಯನ್ನು ಹರಿದುಹಾಕಿತು. ಹರಿದ ಪಟ್ಟಿ ಇನ್ನೂ ನಮ್ಮ ಪಡಸಾಲೆಯ ಮೊಳೆಗೆ ನೇತಾಡುತ್ತಿತ್ತಲ್ಲ, ಮನೆಗೆ ಬಂದವನೇ ನೋಡಿದೆ: ನೀನು ಹಾಕಿದ ಗಂಟು ಹಾಗೇ ಇದೆ. ಉಗುರಿನಿಂದ ಬಿಚ್ಚಲು ಹೋದರೆ ಉಗುರು ಮುರಿಯಿತೇ ಹೊರತು ಗಂಟು ಅಲುಗಲಿಲ್ಲ. ಈ ಪತ್ರದಲ್ಲಿ ಬೇರೇನನ್ನೂ ಓದದಿದ್ದರೂ ಇದನ್ನು ಎರಡು ಸಲ ಓದು.

ಕೊನೆಗೆ ಆರಿಸಿದ್ದು ಉದ್ದನೆಯದು, ಮೇಲೆ ತೆರೆದದ್ದು. ಚಕ್ರದ ಅಚ್ಚು ಒಂದಿರುವುದೇ ಸಾಕು ಎಂದು ಬೆಣ್ಣೆ ಹೇಳಿದ. ನನಗೆ ಮಾತ್ರ ಎರಡಚ್ಚಿನದೇ ಅಚ್ಚುಮೆಚ್ಚಾಯಿತು. ಒಂದು ಟೈರು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಟ್ರೇಲರಿಗೇ ಬೇರೆ ಬ್ರೇಕಿದೆ, ವ್ಯಾನಿನ ಹಂಗಿಲ್ಲ. ನೆಲಕ್ಕೆ ತೂತುತೂತಿನ ಕಬ್ಬಿಣದ ಹಲಗೆ, ಒದ್ದೆಯಾದರೂ ಜಾರುವುದಿಲ್ಲ. ಹಿಂದಿನ ಬಾಗಿಲನ್ನು ಕೆಳಕ್ಕೆ ಮಡಚಿದರೆ ಅದೇ ಇಳಿಜಾರು ಹಲಗೆ, ಅದೂ ಉದ್ದನೆಯದು. ಗಾಡಿ ಹತ್ತುವಾಗ ಮೂತಿ ಮೇಲೆತ್ತಿ ಹಿಂದಕ್ಕೆ ಮಗುಚುವ ಭಯವಿಲ್ಲ. ಅತ್ತೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ, “ಇಷ್ಟುದ್ದ ಇದ್ರೆ ತಲೆ ಇವತ್ತು ಹೋಗುತ್ತೆ, ಬಾಲ ನಾಳೆ ಬರುತ್ತೆ” ಅಂದರು. ಆದರೂ ಬೇಡ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಸರ್ವಾನುಮತ ಎನ್ನುತ್ತಾರೆ.

ಈಗ ಕೊಲೆಯ ಪ್ರಕರಣ. ಅಂಗಳದಲ್ಲಿ ತುಂಬಿಸುವ ಅಭ್ಯಾಸ ಮಾಡಿದೆವು. ಟ್ರೇಲರಿನ ಮುಂಭಾಗದ ಕೈರಾಟೆಯನ್ನು ನಾನು ತಿರುವಿ ಗಾಡಿಗಳನ್ನು ಮೇಲಕ್ಕೆಳೆಯುವುದು, ಅತ್ತೆ ಪಕ್ಕದಲ್ಲಿ ನಡೆಯುತ್ತ ಹಿಡಿಕೆಯನ್ನು ನೇರವಾಗಿ ಹಿಡಿಯುವುದು. ಇಳಿಸುವಾಗ ಸುಲಭವಾಗಲಿ ಎಂಬ ನನ್ನ ದೂರದೃಷ್ಟಿಯಿಂದ ಇಬ್ಬರನ್ನೂ ಹಿಂದುಮುಂದಾಗಿ, ಬಾಗಿಲ ಕಡೆಗೇ ಒತ್ತಿ ನಿಲ್ಲಿಸಿದೆ. ವ್ಯಾನಿನ ಹಿಂಭಾಗ ಮೇಲೆದ್ದಿತು. “ಅಳಿಯಂದ್ರೇ, ವ್ಯಾನು ನೆಲ ಮೂಸ್ತಾ ಇದೆ!” ಎಂದು ಅತ್ತೆ ಕೂಗಿದರು. ತಕ್ಷಣ ಇಬ್ಬರನ್ನೂ ಮುಂದಕ್ಕೆ ತಿರುಗಿಸಿ, ದಪ್ಪನೆಯ ಕೆಂಪಿಯನ್ನು ಮುಂದೆ, ಕರಿಯನನ್ನು ಹಿಂದೆ ನಿಲ್ಲಿಸಿದೆ. ಒಟ್ಟು ಭಾರದಲ್ಲಿ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಟ್ರೇಲರನ್ನು ವ್ಯಾನಿಗೆ ಸಿಕ್ಕಿಸುವ ಮೂತಿಯ ಮೇಲೆ ಕೂರಬೇಕು, ಆಗ ಅದು ಬಾಲ ಆಡಿಸದೆ ಹಿಂದೆ ಬರುತ್ತದೆ. ಅಷ್ಟು ಕೂತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ವ್ಯಾನಿನಿಂದ ಬಿಡಿಸಿ ಮೂತಿಯಡಿಗೆ ತೂಕದ ಯಂತ್ರ ಇಟ್ಟರಾಯಿತು! ಇಟ್ಟೆ. ಆದರೆ ಕೆಂಪಿಯನ್ನು ಅತ್ಯುತ್ಸಾಹದಲ್ಲಿ ಕೊನೆಯ ಅಂಗುಲದವರೆಗೂ ಮುಂದಕ್ಕೆಳೆದಿದ್ದೆ. ಮುಂದಿನದು ನಿನಗೆ ಗೊತ್ತು. ಅತ್ತೆ ಸಿಟ್ಟಾಗಲಿಲ್ಲ. “ಪೀಡೆ ತೊಲಗ್ತು, ಇನ್ಮೇಲೆ ಕನ್ನಡೀನೇ ಸಾಕು” ಎಂದು ಸಂತೋಷದಿಂದಲೇ ಒಳಗೆ ಹೋದರು. ಪಕ್ಕದ ಮನೆಯಿಂದ ಇನ್ನೊಂದು ಯಂತ್ರ ತಂದು, ಕೆಂಪಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ ಮೇಲೆ ಲೆಕ್ಕ ಸರಿಹೋಯಿತು. ಒಬ್ಬೊಬ್ಬರಿಗೂ ನಾಲ್ಕು ಮೂಲೆಗೆ ನಾಲ್ಕು ಪಟ್ಟಿ, ಹಿಡಿಕೆಗಲ್ಲ, ಚೌಕಟ್ಟಿಗೇ ಬಿಗಿದೆ. ಗಾಡಿ ತನ್ನ ಸ್ಪ್ರಿಂಗಿನ ಮೇಲೆ ಸ್ವಲ್ಪ ಕುಕ್ಕರಿಸುವಷ್ಟು.

ಹೊರಟದ್ದು ಇವತ್ತು ಬೆಳಿಗ್ಗೆ. ಓಡಿಸಿದವನು ಯಾರು ಎಂದು ಕೇಳುತ್ತೀಯಾ? ಯಾರನ್ನೂ ಕರೆಯಲಿಲ್ಲ. ನಾನೇ! ಅತ್ತೆ ಪಕ್ಕದಲ್ಲಿ ಕೂತು ಒಂದು ಕೈಯಲ್ಲಿ ಕಿಟಕಿಯನ್ನೂ ಇನ್ನೊಂದರಲ್ಲಿ ಸೀಟನ್ನೂ ಹಿಡಿದಿದ್ದರು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಸಡಿಲಾದ ಎರಡು ಪಟ್ಟಿ ಬಿಗಿದು ಮತ್ತೆ ಹೊರಟೆ. ನಿನ್ನ ಆ ತಿರುವು ಬಂದಾಗ ನಾನು ವೇಗ ಇಳಿಸಿದೆ. ಕನ್ನಡಿಯಲ್ಲಿ ಕೆಂಪಿಯ ದೀಪಗಳೆರಡು ನನ್ನನ್ನೇ ನೋಡುತ್ತಿದ್ದವು, ಹಿಂದಿನ ಸೀಟಿನಲ್ಲಿ ಕೂತ ಮಗಳ ಹಾಗೆ. ಟ್ರೇಲರ್ ಕೂದಲೆಳೆಯಷ್ಟೂ ಅತ್ತಿತ್ತ ಹೊರಳಲಿಲ್ಲ. ತಿರುವು ದಾಟಿದ ಮೇಲೆ ಅತ್ತೆ ಸೀಟು ಬಿಟ್ಟು, “ಅಷ್ಟೇನಾ?” ಅಂದರು. ಅಷ್ಟೇ ಕಣೆ. ಅಷ್ಟೇ ಆಗಲಿ ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು! ಹೀಗೆ ನಮ್ಮ ಗೇಟಿನಿಂದ ಮೈದಾನದ ಶೆಡ್ಡಿನವರೆಗೆ ನಿನ್ನ ಎರಡೂ ಮಕ್ಕಳನ್ನು ಮುಟ್ಟಿಸಿದ ಕೈಗಳು ತರ್ಕಶಾಸ್ತ್ರದ ಮೇಷ್ಟರದ್ದು ಎಂದು ನಿನ್ನ ಶಿಬಿರದ ಗೆಳತಿಯರಿಗೆಲ್ಲ ಗಟ್ಟಿಯಾಗಿ ಓದಿ ಹೇಳತಕ್ಕದ್ದು.

ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಗುಡ್ಡ ಹತ್ತುವಾಗ ಎಲ್ಲರಿಗಿಂತ ಮುಂದೆ ಓಡಬೇಡ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಉಣ್ಣೆಯ ಸ್ವೆಟರ್ ಹಾಕಿಕೊಳ್ಳುತ್ತಿಲ್ಲವೆಂದು ಬೈಗುಳವನ್ನೂ. ಎರಡನ್ನೂ ಸಮನಾಗಿ ಹಂಚಿಕೋ. ಬೇಗ ಬಾ. ನೀನಿಲ್ಲದೆ ಮನೆಯಲ್ಲಿ ನನ್ನ ಶ್ಲೇಷೆಗೆ ನಗುವವರು ಇಲ್ಲ. ನೀನಿದ್ದಾಗಲೂ ಇರಲಿಲ್ಲ, ಆದರೆ ನೀನು ಮುಖ ಸಿಂಡರಿಸುವುದು ನೋಡಲು ಚೆಂದ.

ಎಂದೆಂದೂ ನಿನ್ನ ಹಿಂದೆಯೇ ಬರುವ,
ನಿನ್ನ ಮೇಷ್ಟರು

ತಾ.ಕ.: ಸೋಮವಾರ ಬೆಳಿಗ್ಗೆ. ಶಿಬಿರಕ್ಕೆ ಸಾಮಾನು ಒಯ್ಯುವ ಚಾಲಕ ಗೇಟಿನಲ್ಲಿ ಹಾರನ್ ಬಾರಿಸುತ್ತಿದ್ದಾನೆ, ಆದ್ದರಿಂದ ಚುಟುಕಾಗಿ. ಅತ್ತೆ ನೆನ್ನೆಯಿಂದ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಹೇಳಿಬಿಡುತ್ತೇನೆ. ಮೇಲೆ ‘ಶೆಡ್ಡಿನವರೆಗೆ’ ಎಂದು ಬರೆದಿದ್ದೇನಲ್ಲ, ಅದನ್ನು ‘ಶೆಡ್ಡಿನ ಏರಿನ ಬುಡದವರೆಗೆ’ ಎಂದು ತಿದ್ದಿಕೊಂಡು ಓದು. ಆ ಜಲ್ಲಿ ಏರಿನಲ್ಲಿ ವ್ಯಾನಿನ ಚಕ್ರ ಸುತ್ತಿದಲ್ಲೇ ಸುತ್ತಿತು. ಏನಾಯಿತೆಂದು ನೋಡಲು ಗಂಭೀರವಾಗಿ ಕೆಳಗಿಳಿದ ನಾನು ಜಲ್ಲಿಯಲ್ಲಿ ಜಾರಿ ಪಾದ ಉಳುಕಿಸಿಕೊಂಡೆ. ಇಷ್ಟು ವರ್ಷ ನಿನ್ನ ಗಂಡನಾಗಿದ್ದೂ ನಿನ್ನ ಗಾಡಿಗಳನ್ನು ಓಡಿಸಲು ನನಗೆ ಬರುವುದಿಲ್ಲ, ಸದ್ದು ಕೇಳಿ ಇಳಿದು ಬಂದ ಮೈದಾನದ ಯಜಮಾನರಿಗೂ ಬರುವುದಿಲ್ಲ. ಅವರೂ ಅತ್ತೆಯೂ ಸೇರಿ ಗಾಡಿಗಳನ್ನು ಕೆಳಗಿಳಿಸಿದರು. ನಾವಿಬ್ಬರು ಗಂಡಸರು ಮುಂದೇನು ಎಂದು ಚರ್ಚಿಸುತ್ತಿರುವಾಗ ಅತ್ತೆ ಸೆರಗು ಸಿಕ್ಕಿಸಿ, ನಿನ್ನ ಹೆಲ್ಮೆಟ್ ಹಾಕಿಕೊಂಡು ಕರಿಯನ ಮೇಲೆ ಕೂತಿದ್ದರು. “ಮಗಳು ಅಂಗಳದಲ್ಲಿ ಹೇಳ್ಕೊಡೋದನ್ನ ದಿನಾ ಕಿಟಕೀಲಿ ನೋಡಿಲ್ವಾ? ಹೆಬ್ಬೆರಳಲ್ಲಿ ಒತ್ತಿದ್ರೆ ಹೋಗುತ್ತೆ, ಬಿಟ್ರೆ ನಿಲ್ಲುತ್ತೆ. ಸರೀರಿ.” ಹೋದರು. ನಡೆದು ಬಂದು ಕೆಂಪಿಯನ್ನೂ ಹತ್ತಿದರು. ಮೊದಲ ತಂಡದಲ್ಲಿ ತಮ್ಮ ಹೆಸರು ಬರೆಯಬೇಕೆಂದು ಹೇಳಿದ್ದಾರೆ, ‘ಗುಡುಗುಡು’ ಎಂಬ ಮಾತು ಆಮೇಲೆ ಅವರ ಬಾಯಲ್ಲಿ ಬಂದಿಲ್ಲ. ಖಾಲಿ ಟ್ರೇಲರನ್ನು ಕೂಡ ಕೆಂಪಿಗೆ ಸಿಕ್ಕಿಸಿ ಅವರೇ ಮೇಲಕ್ಕೆಳೆದರು. ಖಾಲಿ ಎಂದರೆ ಪೂರ್ತಿ ಖಾಲಿಯಲ್ಲ. ಕಾಲು ಚಾಚಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಕಣ್ಣು ಮುಚ್ಚಿ, ಅದರ ಮೇಲೆ ನಾನಿದ್ದೆ.