ಗಡಿಯಾಚೆ ಹೋದ ಗಂಟು

ಮುಳಬಾಗಿಲು
ಫೆಬ್ರವರಿ ೧೯೬೬

ಅರಳಸುರಳಿಯ ಬಾವನವರಿಗೆ ನಿಮ್ಮ ತಮ್ಮನ ಹೆಂಡತಿ ಜಲಜ ಮಾಡುವ ನಮಸ್ಕಾರಗಳು.

ತಿರುಪತಿಗೆ ಹೊರಟ ನಾವಿಬ್ಬರೂ ನಡೆದುಕೊಂಡೇ ಇಲ್ಲಿಯವರೆಗೆ ಬಂದಿದ್ದೇವೆ. ನಾಳೆ ಗಡಿ ದಾಟಿ ಆಂಧ್ರಕ್ಕೆ ಕಾಲಿಡುತ್ತೇವೆ. ಮುಂದೆ ಘಾಟಿ ಇರುವುದರಿಂದ ಸಾಮಾನನ್ನೆಲ್ಲ ಇವತ್ತೇ ಬಸ್ಸಿನ ಮೇಲೆ ಹಾಕಿ ಚಿತ್ತೂರಿನ ಛತ್ರಕ್ಕೆ ಕಳಿಸಿದೆವು. ಗಡಿಯಲ್ಲಿ ಎಲ್ಲ ಬಿಚ್ಚಿ ನೋಡುತ್ತಾರೆ ಎಂದು ಕಂಡಕ್ಟರ್ ಹೇಳಿದ್ದಕ್ಕೆ, ತಿರುಪತಿಯಲ್ಲೇ ಬಿಚ್ಚಬೇಕೆಂದು ನೀವು ಕೊಟ್ಟಿದ್ದ ಗಂಟನ್ನೂ ನಾನೇ ಬಿಚ್ಚಿದೆ. ಒಳಗೆ ಗಂಧದ ಕೊರಡು, ಬೋಳುತಲೆಗೆ ಸುತ್ತಲು ಬಿಳಿ ಬಟ್ಟೆ.

ನಿಮ್ಮ ತಮ್ಮ ತಲೆ ತಗ್ಗಿಸಿಕೊಂಡು, "ನಂಗೆ ಟೈಫಾಯಿಡ್ ಆದಾಗ ನಿನ್ ಮುಡಿ ಕೊಡಿಸ್ತೀನಿ ಅಂತ ಅಣ್ಣ ಹರಕೆ ಹೊತ್ಕಂಡಿದಾನೆ ಕಣೆ" ಎಂದರು.

ನನ್ನನ್ನು ಯಾರು ಕೇಳಿದ್ದರು ಬಾವ? ಅವರಿಗೆ ವಾಸಿಯಾದರೆ ನಡೆದು ಬರುತ್ತೇನೆಂದು ನಾನೂ ಹರಕೆ ಹೊತ್ತೆ. ಅದನ್ನು ಬೊಬ್ಬೆ ಎದ್ದ ನನ್ನ ಕಾಲಲ್ಲೇ ತೀರಿಸುತ್ತಿದ್ದೇನೆ. ನಿಮ್ಮ ಕಾಲನ್ನು ಸಾಲ ಕೇಳಲಿಲ್ಲ.

ಆದರೂ ಹರಕೆ ತೀರಿಸದೆ ಉಳಿಸಿಕೊಳ್ಳುವುದು ಮನೆಗೆ ಒಳ್ಳೆಯದಲ್ಲ. ಅದಕ್ಕೇ ನಿಮ್ಮ ಗಂಟನ್ನು ಸಾಮಾನಿನ ಜೊತೆ ಮುಂದಕ್ಕೆ ಕಳಿಸಿದ್ದೇನೆ. ನೀವು ಶಿವಮೊಗ್ಗದಲ್ಲಿ ರೈಲು ಹತ್ತಿ ಬಂದುಬಿಡಿ. ಬೆಟ್ಟದ ಬುಡದಲ್ಲಿ ಕಾಯುತ್ತೇವೆ. ಬರುವಾಗ ಅಕ್ಕನ ಹತ್ತಿರ ನನಗೊಂದಿಷ್ಟು ಸೀಗೆಪುಡಿ ಇಸಿದುಕೊಂಡು ಬನ್ನಿ. ದಾರಿಯ ಧೂಳಿಗೆ ಜಡೆ ಸಿಕ್ಕುಗಟ್ಟಿದೆ.

ನಿಮ್ಮ ತಲೆಗೆ ಗಂಧವನ್ನು ನಾನೇ ತೇಯ್ದು ಕೊಡುತ್ತೇನೆ.

ಇಂತಿ,
ಜಲಜ