ಎರಡನೆಯ ದಾರ

ನವೆಂಬರ್ 14, ಶುಕ್ರವಾರ

ತಪ್ಪು ನನ್ನದೆಂದು ಮೊದಲು ಹೇಳಿದವನು ನಾನೇ, ನಿನ್ನೆ ಸಂಜೆ, ಯಲಹಂಕದ ನಮ್ಮ ಶೆಡ್ಡಿನಲ್ಲಿ. ಪುಟ್ಟ ಉಪಗ್ರಹದ ಆಂಟೆನಾವನ್ನು ಮಡಚಿ ದಾರದಿಂದ ಕಟ್ಟುತ್ತೇವೆ. ಮೇಲೆ ಹೋದ ಮೇಲೆ ಹೀಟರ್ ಆ ದಾರವನ್ನು ಸುಟ್ಟರೆ ಆಂಟೆನಾ ಬಿಚ್ಚಿಕೊಳ್ಳುತ್ತದೆ. ಉಡಾವಣಾ ಕೇಂದ್ರಕ್ಕೆ ಒಯ್ಯುವ ದಾರಿಯ ಕುಲುಕಾಟಕ್ಕೆ ಹೆದರಿ ನಾನು ಹೀಟರ್ ತಾಗದ ಕಡೆ ಇನ್ನೊಂದು ದಾರ ಬಿಗಿದಿದ್ದೆ. ಬಿಚ್ಚಲು ಮರೆತೆ. ಇಪ್ಪತ್ತು ದಿನದಿಂದ ಉಪಗ್ರಹ ಮೂಕವಾಗಿ ಸುತ್ತುತ್ತಿದೆ.

"ಬಾಯ್ ಮುಚ್ಕೊಂಡಿರು ಗುರು, ಮೇಲ್ ಹೋಗಿ ನೋಡೋರ್ ಯಾರವ್ರೆ?" ಎಂದರು ನಮ್ಮ ಹಿರಿಯ ಮುನಿರಾಜಣ್ಣ.

ಇಂಜಿನಿಯರ್ ಅಮಿನಾ ಕೂಡ ಅಲ್ಲೇ ಇದ್ದಳು. ಆಫ್ರಿಕಾದ ಅವಳ ಪುಟ್ಟ ದೇಶಕ್ಕೆ ಅದು ಮೊದಲ ಉಪಗ್ರಹ. ಎರಡು ವರ್ಷ ನಮ್ಮೊಂದಿಗೆ ಕೂತು ಕಟ್ಟಿದ್ದಳು.

ಇವತ್ತು ಬೆಳಿಗ್ಗೆ ಮುನಿರಾಜಣ್ಣ ನನ್ನ ಮುಖ ನೋಡದೆ ಒಳಗೆ ಹೋದರು. ಅಮಿನಾ ನನ್ನೆದುರೇ ತನ್ನೂರಿನ ಶಾಲೆಗೆ ಫೋನ್ ಮಾಡಿ, ಉಪಗ್ರಹದ ಸದ್ದು ಕೇಳಲು ಇನ್ನು ಮೇಲೆ ಮಕ್ಕಳಿಗೆ ರೇಡಿಯೊ ಕೊಟ್ಟು ಮಹಡಿ ಹತ್ತಿಸಬೇಡಿ ಎಂದಳು.